ಗಿರಣಿ ಓಡುವಾಗ ಅಳೆದದ್ದು

ಊರಿನವರೇ ಒಡೆಯರಾಗಿದ್ದ ವಿದ್ಯುತ್ ಸಂಘಕ್ಕೆ ಹೊಸ ಜನರೇಟರ್ ಬೇಕಿತ್ತು. ಅದನ್ನು ಎಲ್ಲಿ ಕೂರಿಸಬೇಕೆಂದು ವರದಿ ಬರೆದವನು ಸಂಘದ ಇಂಜಿನಿಯರ್. ಅವನು ಆರಿಸಿದ್ದು ಹಿಟ್ಟಿನ ಗಿರಣಿಯ ಪಕ್ಕದ ಖಾಲಿ ಜಾಗ. ಅದರಾಚೆಯ ಗೋಡೆಯೇ ಅವನ ಅಕ್ಕನ ಮನೆಯದು.

ನಿಯಮವೇನೋ ಸರಳ: ಹೊಸ ಯಂತ್ರದ ಸದ್ದು ಅಲ್ಲಿ ಮೊದಲೇ ಇರುವ ಸದ್ದನ್ನು ಮೀರಬಾರದು. ಅಳೆಯಬೇಕಾದದ್ದು ಗಿರಣಿ ನಿಂತಿರುವಾಗ. ಅವನು ಅಳೆದದ್ದು ಗಿರಣಿ ಬೊಬ್ಬೆ ಹೊಡೆಯುತ್ತಿದ್ದಾಗ. ಕಣ್ತಪ್ಪು ಎನ್ನೋಣವೆಂದರೆ, ಗಿರಣಿ ಶುರುವಾಗಲೆಂದು ಸದ್ದು ಅಳೆಯುವ ಮೀಟರ್ ಹಿಡಿದು ಅರ್ಧ ಗಂಟೆ ಕಾದು ನಿಂತವನೂ ಅವನೇ. ಬೇರೆ ಜಾಗ ಹುಡುಕುವುದೆಂದರೆ ಮತ್ತೆ ಆರು ತಿಂಗಳ ಅಲೆದಾಟ, ಯಾರಿಗೆ ಬೇಕಿತ್ತು!

ಸಂಘದ ಸಭೆಯಲ್ಲಿ ಸದ್ದಿನ ಬಗ್ಗೆ ಗುಸುಗುಸು ಎದ್ದಾಗ ಮೊದಲು ಕೈ ಎತ್ತಿದವಳು ಅಕ್ಕನೇ. "ಪಕ್ಕದಲ್ಲಿರೋಳು ನಾನು, ನನಗಿಲ್ಲದ ಚಿಂತೆ ನಿಮಗ್ಯಾಕ್ರೀ? ನನ್ನ ತಮ್ಮ ಅಳೆದಿದ್ದಾನೆ, ಅಷ್ಟು ಸಾಕು." ಉಳಿದ ಕೈಗಳೂ ಒಂದೊಂದಾಗಿ ಮೇಲೆದ್ದವು. ಅವನು ವರದಿಯ ಮೂಲೆಯನ್ನು ಮಡಚುತ್ತ, ಬಿಡಿಸುತ್ತ ಕುಳಿತಿದ್ದ.

ಹೊರಗೆ ಬಂದಾಗ ಅಕ್ಕ ಅವನ ತೋಳು ಹಿಡಿದಳು. "ಯಾಕೋ ಮುಖ ಹುಳ್ಳಗೆ ಮಾಡ್ಕೊಂಡಿದೀಯ? ಗೆದ್ದೆಯಲ್ಲೋ!"

"ಅಕ್ಕಾ, ಆ ಅಳತೆ..." ಎಂದ.

"ಅದಿರ್ಲಿ, ಒಂದು ಸಂತೋಷದ ಸುದ್ದಿ ಕೇಳು," ಎಂದಳು ಅಕ್ಕ. "ಗಿರಣಿಯವರು ಮುಂದಿನ ತಿಂಗಳು ಬಾಗಿಲು ಹಾಕ್ತಾರಂತೆ. ಮೂವತ್ತು ವರ್ಷ ಆದ್ಮೇಲೆ ಇನ್ನಾದ್ರೂ ನನ್ನ ಕಿವಿಗೆ ನೆಮ್ಮದಿ ಸಿಗುತ್ತೆ ಕಣೋ."