ಪೂರ್ವಪಕ್ಷದ ಸಿದ್ದರಾಜು

"ಇನ್ನೊಂದು ಸುತ್ತು ಬಿಗೀರಿ. ತಲೆ ವಾಲ್ಬಾರ್ದು," ಎನ್ನುತ್ತ ಸೊಣ್ಣಪ್ಪ ತೀರಿಕೊಂಡ ತಮ್ಮ ಸಿದ್ದರಾಜುವಿನ ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಕುರ್ಚಿಯ ಹಿಂದಿನ ಬಿದಿರಿಗೆ ಎಳೆದು ಕಟ್ಟಿಸಿದರು. ಆ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ತ್ಯಾಮಗೊಂಡ್ಲಿನಿಂದ ಮೂರು ಮೈಲಿ ಒಳಗಿನ ಆ ಊರಿನ ಅಂಗಳದಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತ್ತು. ಕುರ್ಚಿಯನ್ನು ಟ್ರೈಲರಿಗೆ ಏರಿಸಿ ತೋಟಕ್ಕೆ ಒಯ್ಯುವುದಷ್ಟೇ ಬಾಕಿ.

ಕಾಯುತ್ತಿದ್ದದ್ದು ಬೆಂಗಳೂರಿನವರಿಗಾಗಿ. ಸಿದ್ದರಾಜು ಅಲ್ಲಿನ ವಿಶ್ವವಿದ್ಯಾಲಯವೊಂದರ ತತ್ತ್ವಶಾಸ್ತ್ರ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಅತಿಥಿ ಉಪನ್ಯಾಸಕರಾಗಿದ್ದರು. ಅಷ್ಟು ವರ್ಷ ಉಳಿದರೆ ಬೀದಿನಾಯಿ ಕೂಡ ಮನೆಯದಾಗುತ್ತದೆ. ಇವರು ಕೊನೆಯ ದಿನದವರೆಗೂ ಅತಿಥಿಯಾಗಿಯೇ ಉಳಿದರು.

"ಎಲೆಕ್ಷನ್ ಟೈಮಲ್ಲಿ ನೀನು ಯಾವ ಪಕ್ಷಾನಪ್ಪಾ ಅಂದ್ರೆ, ನಂದು ಪೂರ್ವಪಕ್ಷ ಅನ್ನೋನು," ಎಂದರು ಸೊಣ್ಣಪ್ಪ. "ಗುರುತು ಯಾವ್ದು ಅಂತ ನಾನೂ ಕೇಳಿದ್ದೆ."

ನಾಲ್ಕು ಜನ ನಕ್ಕರು. ಸಿದ್ದರಾಜುವಿನ ಹೆಂಡತಿ ಪ್ರಮೋದಾ ನಗಲಿಲ್ಲ.

"ಹೊತ್ತಾಯ್ತದೆ ಕಣಮ್ಮ. ಎತ್ತೋಣ್ವಾ?"

"ಅವ್ರು ಬರ್ಲಿ ಭಾವ. ಒಂದು ಮಾತು ಕೇಳೋದಿದೆ."

*

ವಿಭಾಗದಲ್ಲಿ ಗುರುವಾರ ಮಧ್ಯಾಹ್ನ ಮೂರಕ್ಕೆ ಚರ್ಚೆ ನಡೆಯುತ್ತಿತ್ತು. ಅದಕ್ಕೊಂದು ಹಳೆಯ ನಿಯಮ. ಒಬ್ಬರ ವಾದವನ್ನು ಖಂಡಿಸುವ ಮುಂಚೆ ಅದನ್ನು ಅವರಿಗೇ ತಿರುಗಿ ಹೇಳಬೇಕು. ಅವರು 'ಹೌದು, ಇದೇ ನನ್ನ ಮಾತು' ಎಂದು ತಲೆಯಾಡಿಸಿದ ಮೇಲಷ್ಟೇ ಆಕ್ಷೇಪ. ಎದುರಾಳಿಯ ಮಾತನ್ನು ಹೀಗೆ ಮೊದಲು ಹೇಳುವುದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಸಿದ್ದರಾಜು ಅದರಲ್ಲಿ ಎತ್ತಿದ ಕೈ. ಮುಖ್ಯಸ್ಥ ಮನೋಹರ್ ತಡವರಿಸಿ ಅರ್ಧ ಹೇಳಿದ್ದನ್ನು ಇವರು ಬಿಡಿಸಿ ಹೇಳಿದಾಗ, ತಾನು ಹೇಳಹೊರಟಿದ್ದು ಏನೆಂದು ಮನೋಹರರಿಗೇ ತಿಳಿಯುತ್ತಿತ್ತು. "ಅದೇ, ಅದೇ ನಾನು ಹೇಳಿದ್ದು," ಎಂದು ಅವರು ತಲೆಯಾಡಿಸುತ್ತಿದ್ದರು. ಮುಂದಿನ ವರ್ಷ ಅದು ಅವರ ಪುಸ್ತಕವಾಗುತ್ತಿತ್ತು. ಮುನ್ನುಡಿಯಲ್ಲಿ ಟೈಪ್ ಮಾಡಿದವರಿಗೂ ಕೃತಜ್ಞತೆ ಇರುತ್ತಿತ್ತು, ಸಿದ್ದರಾಜುವಿಗೆ ಇರುತ್ತಿರಲಿಲ್ಲ.

ಹನ್ನೊಂದು ವರ್ಷ ಕೂತು ಸಿದ್ದರಾಜು ತಮ್ಮದೇ ಒಂದು ಪ್ರಬಂಧ ಬರೆದರು. ಅರವತ್ತು ಪುಟ. ಅದನ್ನು ಮನೋಹರರಿಗೆ ಕೊಡುವ ಹಿಂದಿನ ಸಂಜೆ ಪ್ರಮೋದಾ ಅವರೆಕಾಯಿ ಸುಲಿಯುತ್ತಿದ್ದಳು.

"ಇನ್ನೊಬ್ರ ಮಾತನ್ನ ಸರಿಯಾಗಿ ಹೇಳೋನು, ಹೇಳೋ ಅಷ್ಟೊತ್ತಾದ್ರೂ ಅದನ್ನ ನಂಬಿರ್ಬೇಕಲ್ವೇನೇ?" ಎಂದು ಅವರು ಕೇಳಿದರು.

"ನಂಬ್ದೆ ಹೆಂಗೆ ಹೇಳಕ್ಕಾಗುತ್ತೆ?"

"ನೋಡು, ಅರವತ್ತು ಪುಟ ಬರೆದಿರೋದು ಇಷ್ಟೇಯ."

ಫೈಲು ಸಿಗದೆ ಪ್ರಮೋದಾ ಆ ಕಾಗದಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಹೂ ಕಟ್ಟುವಾಗಿನಂತೆ ಎರಡು ಸುತ್ತಿನ ಗಂಟು ಹಾಕಿಕೊಟ್ಟಳು.

"ಅವ್ರು ಒಪ್ಕೊಳ್ತಾರಾ?"

"ಒಪ್ಪೋದು ಬೇಡ ಕಣೆ. ನನ್ನ ಮಾತನ್ನ ಒಂದ್ಸಲ ನನಗೆ ತಿರುಗಿ ಹೇಳ್ಲಿ, ಸಾಕು. ಇಷ್ಟು ವರ್ಷ ಎಲ್ಲರ ಕೈಲೂ ತಲೆ ಆಡಿಸಿದೀನಿ. ನಾನೂ ಒಂದ್ಸಲ ಆಡಿಸ್ಬೇಕು."

ಎರಡು ವರ್ಷ ಕಳೆಯಿತು. ಪ್ರತಿ ಗುರುವಾರ ಬಸ್ಸಿಳಿದು ಬಂದ ಗಂಡನ ಮುಖ ನೋಡಿದರೆ ಸಾಕಿತ್ತು, ಅವಳು ಕೇಳುತ್ತಿರಲಿಲ್ಲ. ಮನೋಹರ್ ಮಾತ್ರ "ಓದ್ತಾ ಇದೀನಿ ಸಿದ್ದರಾಜು, ಗಹನವಾಗಿದೆ," ಎನ್ನುತ್ತಲೇ ಇದ್ದರು.

*

ಹನ್ನೊಂದಕ್ಕೆ ಕಾರು ಬಂತು. ಮನೋಹರ್ ಮೊಣಕಾಲಿಗೆ ಇಳಿಯುವಂಥ ಗುಲಾಬಿ ಹಾರ ತಂದಿದ್ದರು. ಹಾಕುವಾಗ ಅದು ಹಣೆಯ ಬಟ್ಟೆಗೆ ಸಿಕ್ಕಿಕೊಂಡಿತು. ಅವರು ಜಗ್ಗಿ ಸರಿಮಾಡಿ, ಕೈ ಮುಗಿದು, ಫೋಟೋಗೆ ನಿಂತರು.

ಜೊತೆಗೆ ಬಂದಿದ್ದ ಕಿರಿಯ ಅಧ್ಯಾಪಕಿ ಅಕ್ಷತ ಜಗುಲಿಗೆ ಬಂದು ಚೀಲದಿಂದ ಒಂದು ಕಟ್ಟು ತೆಗೆದಳು.

"ಮೇಡಂ, ಸರ್‌ದು ಇದು. ಡಿಪಾರ್ಟ್‌ಮೆಂಟ್ ಬೀರು ಮೇಲಿತ್ತು. ನಿಮ್ಮ ಹತ್ರ ಇರ್ಲಿ ಅಂತ."

ಪ್ರಮೋದಾ ಧೂಳು ಒರೆಸಿದಳು. ಬಾಳೆನಾರು ಒಣಗಿ ಕಂದಾಗಿತ್ತು. ಗಂಟು ಅವಳದೇ, ಎರಡು ಸುತ್ತಿನದು. ಯಾರೂ ಬಿಚ್ಚಿರಲಿಲ್ಲ. ಗಂಡ ಸತ್ತ ಸುದ್ದಿ ಬಂದಾಗಲೂ ಆಗದಷ್ಟು ಸಂಕಟ ಆಗ ಆಯಿತು. ಅವಳು ಎದ್ದು ಅಂಗಳಕ್ಕೆ ಬಂದಳು.

"ಸಾರ್, ಅವ್ರ ಪ್ರಬಂಧ ಓದಿದ್ರಾ?"

"ಓದ್ದೆ ಇರ್ತೀನಾ ತಾಯಿ? ಎರಡೆರಡು ಸಲ ಓದಿದೀನಿ."

"ಹಂಗಾದ್ರೆ ಗುರುವಾರದ ಚರ್ಚೇಲಿ ಹೇಳೋ ಹಂಗೆ ಅವ್ರ ವಾದಾನ ಒಂದ್ಸಲ ಹೇಳ್ಬಿಡಿ. ಅವ್ರ ಮುಂದೆ. ಅವ್ರದ್ದು ಅಷ್ಟೇ ಆಸೆ ಇದ್ದಿದ್ದು."

ಅಕ್ಷತ ನೆಲ ನೋಡಿದಳು. ಮನೋಹರರ ಕಣ್ಣು ಪ್ರಮೋದಾಳ ಕೈಯಲ್ಲಿದ್ದ ಕಟ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಆದರೆ ಮೂವತ್ತು ವರ್ಷ ವೇದಿಕೆ ಹತ್ತಿದ ಗಂಟಲು ಅದು. ಕೆಮ್ಮಿ ಸರಿಮಾಡಿಕೊಂಡರು. ಊರಿನವರು ಹತ್ತಿರ ಬಂದು ನಿಂತರು.

"ಸಿದ್ದರಾಜು ಅವರ ವಾದ ಏನಂದ್ರೆ, ಈ ಲೋಕ ನಶ್ವರ. ಇಲ್ಲಿ ನನ್ನದು ನಿನ್ನದು ಅನ್ನೋದಿಲ್ಲ. ಮಾತು ಗಾಳಿ ಇದ್ದಂಗೆ, ಅದಕ್ಕೆ ಯಾರೂ ಒಡೆಯರಲ್ಲ. ಈ ಮಹಾತ್ಮ ಹೇಳಿದ್ದು ಅದನ್ನೇ."

"ಎಂಥಾ ಮಾತು," ಎಂದು ಯಾರೋ ಕಣ್ಣೊರೆಸಿಕೊಂಡರು. ಸೊಣ್ಣಪ್ಪನವರಿಗೂ ತಮ್ಮ ದೊಡ್ಡವನಾಗಿ ಕಂಡ.

ಕುರ್ಚಿಯನ್ನು ಟ್ರೈಲರಿಗೆ ಏರಿಸಿ ಹಗ್ಗ ಹಾಕಿದರು. ಟ್ರ್ಯಾಕ್ಟರ್ ಚರಂಡಿಯ ಕಲ್ಲು ಹತ್ತಿ ಇಳಿಯಿತು. ಹಾರ ಜಗ್ಗಿದಾಗಲೇ ಸಡಿಲಾಗಿದ್ದ ಬಟ್ಟೆ ಜಾರಿತು. ಸಿದ್ದರಾಜುವಿನ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಹೋಯಿತು. ಮತ್ತೆ ಬಾಗಿತು.

"ಹೌದು ಅಂತಾವ್ರೆ ನೋಡ್ರಪ್ಪ," ಎಂದಳು ಒಬ್ಬ ಮುದುಕಿ, ಭಕ್ತಿಯಿಂದಲೇ. ಮನೋಹರ್ ಕೈ ಮುಗಿದರು.

ಪ್ರಮೋದಾ ಓಡಿ ಬಂದು ಟ್ರೈಲರಿನ ಕಬ್ಬಿಣ ಹಿಡಿದು ಹತ್ತಿದಳು.

"ಹೆಂಗಸ್ರು ಮಣ್ಣಿಗೆ ಬರೋ ಹಂಗಿಲ್ಲ ಕಣಮ್ಮ, ಇಳಿ," ಎಂದರು ಸೊಣ್ಣಪ್ಪ.

ಅವಳು ಇಳಿಯಲಿಲ್ಲ. ಕಟ್ಟನ್ನು ಕಂಕುಳಲ್ಲಿ ಇರುಕಿ, ಅಂಗೈಯನ್ನು ಗಂಡನ ಹಣೆಗಿಟ್ಟು ತಲೆಯನ್ನು ಬಿದಿರಿಗೆ ಒತ್ತಿ ಹಿಡಿದಳು. ತೋಟದವರೆಗೂ ದಾರಿ ತುಂಬ ಹಳ್ಳಗಳಿದ್ದವು. ಅವಳು ಕೈ ತೆಗೆಯಲಿಲ್ಲ.