ತಡವಳದ ಕರೆಂಟಿಗೆ ಸುತ್ತಿದ್ದು

ಹದಿನಾಲ್ಕು ಕಿಲೋ ತೂಕದ ಟ್ರಾನ್ಸ್‌ಫಾರ್ಮರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಉದಯಕುಮಾರ ಸೊಲ್ಲಾಪುರದಿಂದ ವಳಸಂಗಕ್ಕೆ ಹೊರಟಾಗ ಅವನ ಸಿಟ್ಟು ಅದಕ್ಕಿಂತ ಭಾರವಾಗಿತ್ತು. ಚಾದರ ವ್ಯಾಪಾರ ಅವನ ಮನೆತನದ ಕಸುಬು, ದೂರದೂರಿನವರೊಡನೆ ನೇರ ಮಾತಾಡುವ ಹ್ಯಾಮ್ ರೇಡಿಯೊ ಅವನ ಹುಚ್ಚು. ದನಿಯನ್ನು ದೂರಕ್ಕೆ ಮುಟ್ಟಿಸುವ ಹಳೆಯ ವಾಲ್ವ್ ಆಂಪ್ಲಿಫೈಯರಿಗೆ ಜೀವ ಕೊಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವನ ನಂಬಿಕೆ. ಹೆಂಡತಿ ಪೂನಮ ಮಾತ್ರ ಅದನ್ನು ಇನ್ನೂ ನಂಬಿಲ್ಲ.

ಈಗ ಅವನ ಮನೆಯಲ್ಲಿ ರಿಪೇರಿಗೆ ಬಿಚ್ಚಿಟ್ಟಿದ್ದ ಆಂಪ್ಲಿಫೈಯರು ತಡವಳ ಎಂಬ ಹಳ್ಳಿಯ ಶಾಂತಲಿಂಗಪ್ಪನವರದು. ಅವರು ತೊಗರಿ ಬೆಳೆಯುವ ರೈತರು. ಉದಯಕುಮಾರನಿಗೆ ಕಾಲೇಜಿನ ದಿನಗಳಲ್ಲಿ ಮೋರ್ಸ್ ಸಂಕೇತ ಕಲಿಸಿದ ಗುರುಗಳೂ ಹೌದು. ಅಸ್ಸಾಮಿನ ಜೋರ್ಹಾಟದ ಹಜಾರಿಕಾ ಎಂಬ ಗೆಳೆಯನೊಡನೆ ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ರೇಡಿಯೊದಲ್ಲಿ ಮಾತಾಡುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅಂದಿನಿಂದ ಗೆಳೆಯ ಕರೆಯುವುದು ಇವರಿಗೆ ಕೇಳುತ್ತದೆ, ಇವರ ದನಿ ಅಲ್ಲಿಗೆ ಮುಟ್ಟುವುದಿಲ್ಲ. ಫೋನ್ ಮಾಡಬಹುದಲ್ಲ ಎಂದರೆ, ಫೋನು ಸುದ್ದಿ ಹೇಳಲಿಕ್ಕೆ, ಮಾತಾಡಲಿಕ್ಕಲ್ಲ ಎನ್ನುತ್ತಾರೆ. ಒಳಗಿನ ಎರಡು ವಾಲ್ವುಗಳನ್ನೂ ಹಿಂದೊಮ್ಮೆ ಹಜಾರಿಕಾ ಅವರೇ ಅರಳೆಯಲ್ಲಿ ಸುತ್ತಿ ಕಳಿಸಿದ್ದರು. ಅವು ಹೋದರೆ ಅಂಥ ಇನ್ನೊಂದು ಜೋಡಿ ಸಿಗುವುದಿಲ್ಲ.

ವಾಲ್ವು ಹಾಕದೆ ಬರೀ ಟ್ರಾನ್ಸ್‌ಫಾರ್ಮರನ್ನು ಪರೀಕ್ಷಿಸಿದ್ದು ಪುಣ್ಯ. ಎರಡು ಸಾವಿರ ವೋಲ್ಟ್ ಬರಬೇಕಾದಲ್ಲಿ ಮೀಟರಿನ ಮುಳ್ಳು ಎರಡೂವರೆ ಸಾವಿರ ದಾಟಿತು. ವಾಲ್ವು ಹಾಕಿದ್ದರೆ ಸುಟ್ಟೇ ಹೋಗುತ್ತಿದ್ದವು.

ಅದಕ್ಕೆ ಹೊಸ ತಂತಿ ಸುತ್ತಿಕೊಟ್ಟವರು ವಳಸಂಗದ ಕಲ್ಯಾಣಪ್ಪ, ಹೊಲದ ಪಂಪಿನ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಹಿರಿಯರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಉದಯಕುಮಾರ ಕೋಪದ ಕೈಗೆ ಬುದ್ಧಿ ಕೊಟ್ಟ. ತಾನು ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಓದಲು ಬರದಿದ್ದರೆ ಅಂಗಡಿ ಮುಚ್ಚಿಕೊಂಡು ಮನೆಯಲ್ಲಿ ಕೂತಿರಿ ಎಂದು ಎಲ್ಲರೆದುರು ಅಂದುಬಿಟ್ಟ.

ಕಲ್ಯಾಣಪ್ಪ ಕೈಯಲ್ಲಿದ್ದ ಸುತ್ತು ಮುಗಿಸಿ ಗಂಟು ಹಾಕಿದರು. ಆಮೇಲೆ ಸೊಲ್ಲಾಪುರದ ಮನೆಯಲ್ಲಿ ಕರೆಂಟ್ ಎಷ್ಟು ಬರುತ್ತದೆಂದು ಕೇಳಿದರು. ಇನ್ನೂರ ಮೂವತ್ತು ವೋಲ್ಟ್ ಎಂದ ಉದಯಕುಮಾರ.

"ಇದು ತಡವಳಕ್ಕ ಹೋಗೂದು ಅಂತ ನೀವ ಹೇಳಿದ್ರಲ್ರಿ. ಅಲ್ಲಿ ಮುಂಜಾನಿ ಮೋಟಾರ್ ಚಾಲೂ ಆದ್ವು ಅಂದ್ರ ಕರೆಂಟ್ ನೂರಾ ಎಂಬತ್ತರ ಮ್ಯಾಲ ಏರೂದಿಲ್ಲ. ನಾ ತಡವಳದ ಕರೆಂಟಿಗೆ ಸುತ್ತೀನ್ರಿ. ಕರೆಂಟ್ ಚಲೋ ಇದ್ದಾಗ ಈ ಮೂರನೇ ವೈರಿಗೆ ಹಚ್ಚಬೇಕು."

ಆ ಮೂರನೆಯ ವೈರನ್ನು ಉದಯಕುಮಾರ ಕೆಲಸಗಾರನ ಮರೆವು ಎಂದುಕೊಂಡು ಟೇಪು ಸುತ್ತಿ ಮಡಚಿಟ್ಟಿದ್ದ. ಇನ್ನೂರ ಮೂವತ್ತು ಎಂದು ಚೀಟಿಯಲ್ಲಿ ಬರೆದವನೂ ಅವನೇ. ತಡವಳದಲ್ಲಿ ನೂರು ಸಲ ಚಹಾ ಕುಡಿದವನಿಗೆ ಆ ಊರಿನ ಕರೆಂಟು ನೆನಪಾಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ಅವನ ಕಥೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ನಾಡಿದ್ದು ಬೆಳಿಗ್ಗೆ ತಡವಳಕ್ಕೆ ತನ್ನ ಜೊತೆ ಬರಬೇಕೆಂದು ಮಾತ್ರ ಕೇಳಿಕೊಂಡ.

ಇಬ್ಬರೂ ತಡವಳ ಮುಟ್ಟಿದ ಆ ಬೆಳಿಗ್ಗೆ ಅಲ್ಲಿ ಕರೆಂಟ್ ನೂರಾ ಎಪ್ಪತ್ತೆಂಟು ಇತ್ತು. ವಾಲ್ವುಗಳು ಕೆಂಪಗೆ ಕಾದವು, ಮುಳ್ಳು ಎರಡು ಸಾವಿರದ ಹತ್ತಿರ ಹೋಗಿ ನಿಂತಿತು. ಶಾಂತಲಿಂಗಪ್ಪನವರು ಮೈಕು ಹಿಡಿದು ಗೆಳೆಯನನ್ನು ಕರೆದರು. ಕ್ಷಣ ಹೊತ್ತು ಬರೀ ಗೊರಗೊರ. ನಂತರ ಹಜಾರಿಕಾ ಅವರ ಹಿಂದಿ ಕೇಳಿಸಿತು. ನಾಲ್ಕು ತಿಂಗಳಿಂದ ದಿನಾ ಕರೆಯುತ್ತಿದ್ದೇನೆ, ಇವತ್ತು ನೀನು ಪಕ್ಕದಲ್ಲೇ ಕೂತಂತಿದೆ ಎಂದರು. ಶಾಂತಲಿಂಗಪ್ಪನವರ ಕಣ್ಣು ತುಂಬಿತು.

ಯಂತ್ರ ಯಾವುದು, ಯಾರು ಕಟ್ಟಿದ್ದು ಎಂದು ಹೇಳುವುದು ಹ್ಯಾಮ್‌ಗಳ ವಾಡಿಕೆ. ಇದು ನನ್ನ ಶಿಷ್ಯ ಉದಯಕುಮಾರನ ಕೈಕೆಲಸ ಎಂದು ಅವರು ಶುರು ಮಾಡಿದರು. ಉದಯಕುಮಾರ ತಡೆದ.

"ಸರ, ನನ್ನ ಲೆಕ್ಕ ತಪ್ಪಿತ್ರಿ. ಅದರಂಗ ಸುತ್ತಿದ್ರ ನಿಮ್ಮ ದನಿ ಇವತ್ತೂ ಮುಟ್ಟತಿರಲಿಲ್ಲ. ಕಲ್ಯಾಣಪ್ಪನವರ ಹೆಸರ ಹೇಳ್ರಿ. ನಾಲ್ಕ ಮಂದಿ ಮುಂದ ನಾ ಅವರಿಗೆ ಬೈದೀನಿ, ಅದನ್ನೂ ಹೇಳ್ರಿ."

ಗುರುಗಳು ಎಲ್ಲವನ್ನೂ ಜೋರ್ಹಾಟಕ್ಕೆ ಹೇಳಿದರು. ಹಜಾರಿಕಾ ಆ ಹೆಸರನ್ನು ಎರಡು ಸಲ ತಪ್ಪಾಗಿ ಅಂದು, ಮೂರನೆಯ ಸಲ ಸರಿಯಾಗಿ ಕರೆದು, ಕಲ್ಯಾಣಪ್ಪನವರೇ, ನನ್ನ ಗೆಳೆಯನನ್ನು ಮರಳಿ ಕೊಟ್ಟಿರಿ ಎಂದರು.

ಕಲ್ಯಾಣಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಲವತ್ತ ವರ್ಷ ಆತ್ರಿ. ಮೋಟಾರ್ ಸುಟ್ಟಾಗ ಎಲ್ಲಾರೂ ನನ್ನ ಹೆಸರ ತಗೋತಾರ. ಚಲೋ ನಡದಾಗ ತಗೊಂಡವರು ಇವರ ಮೊದಲಿಗರ್ರಿ."

ಉದಯಕುಮಾರ ಎದ್ದು ಅವರ ಕಾಲು ಮುಟ್ಟಿ ನಮಸ್ಕರಿಸಿದ.