ಅಡ್ಡ ಹಿಡಿದ ಕೊಳಲು

ಪ್ರಿಯಂವದಾ ಬಟ್ಟೆ ಒಣಹಾಕುವ ಬಿದಿರಿನ ಗಳುವನ್ನು ಅಡುಗೆಮನೆಯ ಕಿಟಕಿಯಾಚೆ ಅರ್ಧ ಚಾಚಿದ್ದಳಷ್ಟೆ, ಹಾಲ್‌ನಿಂದ ಮಗಳು ಸಿಂಗಪುರದ ಮಕ್ಕಳ ಧಾಟಿಯಲ್ಲಿ ಕೂಗಿದಳು.

“ಅಮ್ಮಾ, ನಿನ್ ಫೋನ್ ಲಾ! ಉಪೇಂದ್ರ ಅಂಕಲ್!”

ಗಳುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವಳು ಮಗಳು ತಂದುಕೊಟ್ಟ ಫೋನ್ ಕಿವಿಗಿಟ್ಟಳು. ಮಗಳ ಸ್ಕೂಲ್ ಸ್ಕರ್ಟಿನಿಂದ ನೀರು ಮೊಣಕೈಗೆ ಇಳಿಯಿತು.

“ಇವತ್ತೇ ಬಾಮ್ಮ ಪ್ರಿಯಂವದಾ. ಚಿಕ್ಕ ಕಾಂಡೋಗೆ ಶಿಫ್ಟ್ ಆಗ್ತಿದೀನಿ, ನನ್ನ ಬಾಲಿ ಗೊಂಬೆಗಳ ಆರ್ಕೆಸ್ಟ್ರಾಗೆ ಅಲ್ಲಿ ಜಾಗ ಇಲ್ಲ. ಒಬ್ಬನ್ನ ನಿನಗೆ ಕೊಡ್ತೀನಿ. ಲೇಟ್ ಮಾಡಿದ್ರೆ ಬೇರೆಯವರು ಹೊತ್ಕೊಂಡು ಹೋಗ್ತಾರೆ, ಆಮೇಲೆ ನನ್ನ ಬೈಬೇಡ!”

ಉಳಿದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ದಸರೆಗೆ ಗೊಂಬೆ ಕೂರಿಸುವ ಮೈಸೂರಿನ ಮನೆಗಳಲ್ಲಿ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು. ಸಿಂಗಪುರದ ಪಾಸಿರ್ ರಿಸ್‌ಗೆ ಬಂದ ವರ್ಷ ಅದು ಎಲ್ಲೂ ಸಿಗದೆ ಪ್ರಿಯಂವದಾ ಹಳೇ ಸಾಮಾನಿನ ಸಂತೆಯಲ್ಲಿ ಕಂಡ ಬಾಲಿಯ ಮರದ ಡೋಲುಗಾರನನ್ನು ತಂದು ಪಟ್ಟದ ಗೊಂಬೆಗಳ ಕೆಳಗೆ ಕೂರಿಸಿದ್ದಳು. ರಾಜರಾಣಿಯರ ಮುಂದೆ ಸಂಗೀತವಿದ್ದರೆ ತಪ್ಪೇನು? ಅಲ್ಲಿಂದ ಹುಚ್ಚು ಹಿಡಿಯಿತು. ಕಿವಿ ಮುಕ್ಕಾದ ಜಾಗಟೆಯವನು ಬಂದ, ತಾಳದವನು ಬಂದ. ಎಷ್ಟೋ ಕೈಗಳು ಸವರಿ ನುಣುಪಾದ ಆ ಹಳೆಯ ಮರವನ್ನು ಮುಟ್ಟಿದರೆ ಅವಳಿಗೆ ದಿನದ ದಣಿವು ಇಳಿದಂತಾಗುತ್ತಿತ್ತು.

ಆದರೆ ಆ ಬೆಳಿಗ್ಗೆ ಮಗಳೊಡನೆ ಹೊರಟ ಬಸ್ಸಿನಲ್ಲಿ ಅವಳ ಮನಸ್ಸು ಗೊಂಬೆಗಳ ಮೇಲಿರಲಿಲ್ಲ. ಮಗಳು ವಿಭಾಳಿಗೆ ಮಾತು ತೊದಲುತ್ತದೆ. ಮನೆಯೊಳಗೆ ಹೇಗೋ ನಡೆಯುತ್ತಿತ್ತು. ಹೋದ ಟರ್ಮಿನಲ್ಲಿ ತನ್ನ ಹೆಸರನ್ನೇ ಹೇಳಲಾಗದೆ ನಿಂತಾಗ ಕ್ಲಾಸಿನ ಮಕ್ಕಳು ನಕ್ಕಿದ್ದರು. ಅಂದಿನಿಂದ ಹೊರಗಿನವರೆದುರು ಅವಳ ಬಾಯಿ ಬಂದ್. ಏನಿದ್ದರೂ ಅಮ್ಮನ ಕಿವಿಗೆ. ಅಮ್ಮ ಅದನ್ನು ಲೋಕಕ್ಕೆ ತಲುಪಿಸಬೇಕು. “ಅವಳ ಮಾತನ್ನ ನೀವು ಮುಗಿಸ್ಬೇಡಿ, ಕಾಯಿರಿ” ಎಂದಿದ್ದರು ಥೆರಪಿಸ್ಟ್. ಐಸ್‌ಕ್ರೀಮ್ ಅಂಗಡಿಯ ಕ್ಯೂನಲ್ಲಿ, ಹಿಂದೆ ನಿಂತವರು ನಿಟ್ಟುಸಿರು ಬಿಡುವಾಗ ಕಾಯುವುದು ಎಂಥ ಕಷ್ಟವೆಂದು ಅವರಿಗೇನು ಗೊತ್ತು? ಪ್ರತಿಸಲವೂ ಸೋಲುತ್ತಿದ್ದವಳು ಅಮ್ಮನೇ.

ಉಪೇಂದ್ರ ಬ್ಯಾಂಕಿನಿಂದ ನಿವೃತ್ತರಾದವರು. ವಯಸ್ಸು ಎಪ್ಪತ್ತಾದರೂ ತಾಯಿಗೂ ಮಗಳಿಗೂ ಅಂಕಲ್ಲೇ. ತಂಜಾಂಗ್ ಪಗಾರ್‌ನ ಅವರ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳಿದ್ದವು. ಊಟದ ಮೇಜಿನ ಮೇಲೆ ಮಾತ್ರ ಒಬ್ಬನೇ ಒಬ್ಬ ವಾದ್ಯಗಾರ ಚಕ್ಕಳಮಕ್ಕಳ ಹಾಕಿ ಕೂತಿದ್ದ. ನೀಳ ಕತ್ತು, ಅರೆಮುಚ್ಚಿದ ಕಣ್ಣು.

“ನಿನಗೆ ಅಂತ ಇವನನ್ನೇ ತೆಗೆದಿಟ್ಟಿದ್ದು. ತುಂಬಾ ಹಳೇ ಪೀಸು. ಒರಿಜಿನಲ್ ಕೊಳಲು ಯಾವಾಗ್ಲೋ ಕಳೆದುಹೋಗಿತ್ತು. ಇದು ಚಾಪ್‌ಸ್ಟಿಕ್ ಕೆತ್ತಿ ನಾನೇ ಮಾಡಿದ್ದು. ತುಟಿ ಹತ್ರ ಅಡ್ಡಕ್ಕೆ ದಾರದಲ್ಲಿ ಕಟ್ಟಿದೀನಿ. ಹೇಗಿದಾನೆ ನಮ್ಮ ಕೃಷ್ಣ?”

“ಥೇಟ್ ಕೃಷ್ಣನೇ ಅಂಕಲ್!” ಎಂದಳು ಪ್ರಿಯಂವದಾ, ಮನಸಾರೆ. ತುಟಿಯ ಬಳಿ ಅಡ್ಡಲಾಗಿ ಕೊಳಲು ಕಂಡರೆ ನಮ್ಮವರಿಗೆ ಬೇರೆ ಯಾರು ತಾನೇ ನೆನಪಾಗುತ್ತಾರೆ?

ವಿಭಾ ಮೇಜಿನ ಅಂಚಿಗೆ ಗಲ್ಲ ಆನಿಸಿ ನೋಡುತ್ತಿದ್ದಳು. ಗೊಂಬೆಯ ಕೈಗಳನ್ನು ನೋಡಿ ತನ್ನ ಕೈಗಳನ್ನೂ ಹಾಗೇ ಹಿಡಿದಳು. ಎದೆಯ ಮುಂದೆ ಒಂದು ಮುಷ್ಟಿ, ಅದರ ಕೆಳಗೆ ಇನ್ನೊಂದು. ಹುಬ್ಬು ಗಂಟಿಕ್ಕಿತು. ಅಮ್ಮನ ದುಪಟ್ಟಾ ಜಗ್ಗಿದಳು.

ಪ್ರಿಯಂವದಾ ಅಭ್ಯಾಸಬಲದಿಂದ ಕಿವಿ ಕೊಡಲು ಬಾಗಿದ್ದವಳು ಅರ್ಧಕ್ಕೇ ನಿಂತಳು. ಮಗಳ ಕಣ್ಣಲ್ಲಿ ಹೆದರಿಕೆಗಿಂತ ಕುತೂಹಲವೇ ದೊಡ್ಡದಾಗಿ ಕಂಡಿತು. ಮತ್ತೆ ನೆಟ್ಟಗಾದಳು.

“ಅಂಕಲ್ ಇಲ್ಲೇ ಇದಾರಲ್ಲ ಪುಟ್ಟ. ನೀನೇ ಕೇಳು.”

ವಿಭಾಳ ಮುಖ ಕೆಂಪೇರಿತು. ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ.

“ಏನಮ್ಮ, ಕುಡಿಯೋಕೆ ಮೈಲೋ ಬೇಕಾ?” ಎಂದರು ಉಪೇಂದ್ರ. “ಬಾತ್‌ರೂಮಾ? ಅಲ್ಲೇ ಎಡಗಡೆ. ಓ, ಗೊಂಬೆ ಎತ್ಕೋಬೇಕಾ?”

“ಒಂದ್ನಿಮಿಷ ಅಂಕಲ್. ಅವಳೇ ಹೇಳ್ತಾಳೆ.”

ಅವರು ಅರ್ಥವಾದವರಂತೆ ಕುರ್ಚಿ ಎಳೆದುಕೊಂಡು ಕೂತರು. ಪ್ರಿಯಂವದಾಳ ನಾಲಿಗೆಯ ತುದಿಯಲ್ಲಿ ನೂರು ಪ್ರಶ್ನೆಗಳು ಕುಣಿಯುತ್ತಿದ್ದವು. ಯಾವುದಾದರೊಂದನ್ನು ಕೊಟ್ಟು ಮಗುವನ್ನು ಪಾರುಮಾಡಿಬಿಡಲೇ ಅನ್ನಿಸಿತು. ಹಲ್ಲು ಕಚ್ಚಿಕೊಂಡಳು. ದುಪಟ್ಟಾ ಹಿಡಿದಿದ್ದ ಪುಟ್ಟ ಕೈ ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ತಾನಾಗಿಯೇ ಬಿಟ್ಟಿತು. ಆ ಕೈ ಗೊಂಬೆಯ ಬೆರಳುಗಳನ್ನು ತೋರಿಸಿತು.

“ಅ... ಅಂಕಲ್, ಇವನ ಒಂದು ಕೈ ಮೇಲಿದೆ, ಇನ್ನೊಂದು ಕ... ಕೆಳಗಿದೆ. ಮತ್ತೆ ಕ... ಕ... ಕೊಳಲನ್ನ ಯಾಕೆ ಅಡ್ಡ ಇಟ್ಟಿದೀರ? ನ... ನೆಟ್ಟಗೆ ಕೆಳಗೆ ಇಳೀಬೇಕಲ್ವಾ?”